160 ನೋಟ್‌ಬುಕ್ ಮತ್ತು ಒಂದು ಮನೆ: ಒಬ್ಬ ಶಿಕ್ಷಕಿಯ ಪ್ರಕರಣ

ಈ ಪ್ರಕರಣದಲ್ಲಿ ಬರುವವರ ಹೆಸರು, ಶಾಲೆ, ಊರು ಯಾವುದನ್ನೂ ಹೇಳುತ್ತಿಲ್ಲ. ಗುರುತು ಸಿಗದಿರಲಿ ಎಂದು ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಅವರನ್ನು ಸುಮ್ನೆ ‘ಟೀಚರ್’ ಎಂದು ಕರೆಯುತ್ತೇನೆ. ಅವರ ಗಂಡನೂ ಶಿಕ್ಷಕರೇ, ಬೇರೊಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾರೆ. ಅವರು ‘ಮೇಷ್ಟ್ರು’ ಆಗಿರಲಿ.

ಹಿನ್ನೆಲೆ

ಟೀಚರ್‌ಗೆ ಹದಿನಾಲ್ಕು ವರ್ಷದ ಅನುಭವ. ಹೈಸ್ಕೂಲಿಗೆ ಭಾಷೆ ಕಲಿಸುತ್ತಾರೆ. ನಾಲ್ಕು ಸೆಕ್ಷನ್, ಒಂದೊಂದರಲ್ಲಿ 40 ಮಕ್ಕಳು. ಮನೆಯಲ್ಲಿ ಇಬ್ಬರು ಮಕ್ಕಳು. ದೊಡ್ಡವಳಿಗೆ ಒಂಬತ್ತು ವರ್ಷ, ಚಿಕ್ಕವನಿಗೆ ನಾಲ್ಕು. ಚಿಕ್ಕವನು ಡೇ ಕೇರ್‌ನಲ್ಲಿರುತ್ತಾನೆ.

ಶಾಲೆಗಳಲ್ಲಿ ಶಿಕ್ಷಕರ ಜೊತೆ ಕೂತು ಪಾಠ ನೋಡುವುದು, ಚರ್ಚೆ ಮಾಡುವುದು ನನ್ನ ಕೆಲಸ. ಈ ಶಾಲೆಯ ಮುಖ್ಯ ಶಿಕ್ಷಕಿ ನನ್ನನ್ನು ಕರೆಸಿದ್ದು ಒಂದೇ ಮಾತಿಗೆ: “ಇವರು ಮೊದಲಿನ ಹಾಗಿಲ್ಲ, ಸ್ವಲ್ಪ ನೋಡಿ.” ಮೊದಲು ಇವರು ಶಾಲೆಯ ಒಳ್ಳೇ ಶಿಕ್ಷಕರಲ್ಲಿ ಒಬ್ಬರು. ಈಗ ನೋಟ್‌ಬುಕ್ ವಾಪಸ್ ಬರಲು ಮೂರು ವಾರ ಹಿಡಿಯುತ್ತಿತ್ತು. ಪಾಠ ಯೋಜನೆಯಲ್ಲಿ ಹೋದ ವರ್ಷದ್ದೇ ಸಾಲುಗಳು, ತಾರೀಖು ಮಾತ್ರ ಹೊಸದು. ಮಕ್ಕಳ ಮೇಲೆ ರೇಗುತ್ತಾರೆ ಎಂದು ಪೋಷಕರೊಬ್ಬರು ದೂರು ಕೊಟ್ಟಿದ್ದರು.

ಕಾರಣ ಏನಿರಬಹುದು ಎಂದರೆ ಮುಖ್ಯ ಶಿಕ್ಷಕಿ, “ಮನೆ ಕಡೆ ಏನೋ ಇರಬೇಕು” ಎಂದರು. ಸ್ಟಾಫ್ ರೂಮಿನವರು ಇನ್ನೂ ಒಂದು ಹೆಜ್ಜೆ ಮುಂದೆ: “ಮದುವೆ, ಮಕ್ಕಳು ಅಂತಾದ ಮೇಲೆ ಎಲ್ಲರ ಕಥೆ ಇಷ್ಟೇ ಬಿಡಿ.” ಅದೇ ಮನೆಯಲ್ಲಿ, ಅದೇ ಮಕ್ಕಳ ಜೊತೆ ಬದುಕುವ ಮೇಷ್ಟ್ರ ಬಗ್ಗೆ ಅವರ ಶಾಲೆಯಲ್ಲಿ ಯಾರೂ ಹೀಗೆ ಅಂದಿರಲಿಲ್ಲ. ಆಗಲೇ ನನಗೆ ಇದು ಸ್ವಲ್ಪ ವಿಚಿತ್ರ ಅನಿಸಿತ್ತು.

ಸಮಸ್ಯೆ ಎಲ್ಲಿ ಕಾಣಿಸಿತು

ಒಂದೇ ದಿನ ಅವರ ಎರಡು ತರಗತಿಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತೆ. ಒಂದು ಬೆಳಗಿನ ಎರಡನೇ ಪೀರಿಯಡ್, ಇನ್ನೊಂದು ಕೊನೆಯದು. ಪದ್ಯ ಅದೇ, ಪ್ರಶ್ನೆಗಳೂ ಅವೇ.

ಬೆಳಗ್ಗೆ ಅವರು ಒಂದು ಪ್ರಶ್ನೆ ಕೇಳಿ ಸುಮ್ಮನೆ ನಿಂತರು. ಯಾರೂ ಕೈ ಎತ್ತಲಿಲ್ಲ. ಆದರೂ ನಿಂತೇ ಇದ್ದರು. ಕಿಟಕಿ ಪಕ್ಕದ ಹುಡುಗನೊಬ್ಬ ಅರ್ಧ ಉತ್ತರ ಹೇಳಿದ. “ಹೂಂ, ಆಮೇಲೆ?” ಎಂದರು. ಅವನು ಮುಂದುವರಿಸಿದ, ಇನ್ನೊಬ್ಬಳು ಅದಕ್ಕೆ ಎದುರು ಮಾತಾಡಿದಳು, ತರಗತಿ ಎದ್ದು ಕೂತಿತು. ಕೊನೆಯ ಪೀರಿಯಡ್‌ನಲ್ಲಿ ಅದೇ ಪ್ರಶ್ನೆ. ಈ ಸಲ ಕೇಳಿದ ಮರುಕ್ಷಣವೇ ಉತ್ತರವನ್ನೂ ತಾವೇ ಹೇಳಿ ಬೋರ್ಡ್ ಕಡೆ ತಿರುಗಿದರು. ಮಕ್ಕಳು ಬರೆದುಕೊಂಡರು. ಗಲಾಟೆ ಇಲ್ಲ, ತಪ್ಪೂ ಇಲ್ಲ, ಕಲಿಕೆಯೂ ಅಷ್ಟಕ್ಕಷ್ಟೇ.

ಈ ಕಾಯುವ ಸಮಯದ ಬಗ್ಗೆ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ 1970ರ ದಶಕದಲ್ಲೇ ಕೆಲಸ ಮಾಡಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಕಾಯುವುದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಗುಣವೂ ಹೆಚ್ಚುತ್ತದೆ. ನಾನು ನೋಡಿದ ಮಟ್ಟಿಗೆ, ದಣಿದ ಶಿಕ್ಷಕರು ಮೊದಲು ಕಳೆದುಕೊಳ್ಳುವುದು ಈ ಎರಡು ಸೆಕೆಂಡನ್ನೇ. ಹಾಜರಾತಿಯಲ್ಲಿ ಅದು ಕಾಣಲ್ಲ, ಪಾಠ ಯೋಜನೆಯಲ್ಲೂ ಕಾಣಲ್ಲ. ಕಲಿಸುವುದು ಬರದಿದ್ದರೆ ಬೆಳಗ್ಗೆಯೂ ಬರುತ್ತಿರಲಿಲ್ಲ ಅಲ್ವಾ? ಹಾಗಾಗಿ ಪಾಠ ಮಾಡುವುದರ ತರಬೇತಿಗೆ ಕಳಿಸುವ ಯೋಚನೆಯನ್ನು ಮುಖ್ಯ ಶಿಕ್ಷಕಿ ಅಲ್ಲಿಗೇ ಕೈಬಿಟ್ಟರು.

ಆಮೇಲೆ ಟೀಚರ್ ಜೊತೆ ಮಾತಾಡಿದೆ. ಸಮಯ ಸಾಲದು ಅನ್ನುವುದಕ್ಕಿಂತ ಬೇರೆ ಏನೋ ಹೇಳಿದರು: “ನಾನು ಮನೆಯಲ್ಲೂ ಟೀಚರ್ ಥರಾನೇ ಮಾತಾಡ್ತೀನಂತೆ. ‘ಅಮ್ಮ ಮನೇಲೂ ಕ್ಲಾಸ್ ತಗೋತಾಳೆ’ ಅಂತಾಳೆ ಮಗಳು.” ಕೆಲಸ ಮತ್ತು ಕುಟುಂಬದ ತಿಕ್ಕಾಟವನ್ನು 1985ರಲ್ಲಿ ಸಂಶೋಧಕರಾದ ಗ್ರೀನ್‌ಹಾಸ್ ಮತ್ತು ಬ್ಯೂಟೆಲ್ ಮೂರಾಗಿ ಬಿಡಿಸಿದ್ದರು. ಸಮಯದ್ದು ಒಂದು, ಒತ್ತಡದ್ದು ಇನ್ನೊಂದು, ನಡವಳಿಕೆಯದ್ದು ಮೂರನೆಯದು. ಒಂದು ಕಡೆ ಬೇಕಾದ ರೀತಿ ಇನ್ನೊಂದು ಕಡೆ ಹೊಂದಲ್ಲ ಎಂಬುದೇ ಮೂರನೆಯದು. 40 ಮಕ್ಕಳನ್ನು ಹಿಡಿದಿಡುವ ದನಿಯನ್ನು ನಾಲ್ಕು ವರ್ಷದ ಮಗುವಿನ ಮುಂದೆ ಬಳಸಿದರೆ ಏನಾಗುತ್ತದೆ ಎಂದು ಶಿಕ್ಷಕರಿಗೆ ಬೇರೆ ಹೇಳಬೇಕಿಲ್ಲ. ಈ ಮನೆಯಲ್ಲಿ ಮೂರೂ ಇದ್ದವು. ಶಾಲೆಯವರು ಮಾತಾಡುತ್ತಿದ್ದದ್ದು ಮೊದಲನೆಯದರ ಬಗ್ಗೆ ಮಾತ್ರ.

ಮೊದಲ ಎರಡು ಪ್ರಯತ್ನ

ಮುಖ್ಯ ಶಿಕ್ಷಕಿ ಒಳ್ಳೇ ಮನಸ್ಸಿನಿಂದಲೇ ವಾರಕ್ಕೆ ಎರಡು ಪೀರಿಯಡ್ ಕಡಿಮೆ ಮಾಡಿದರು. ಅದು ಕೆಟ್ಟದಾಗಿ ಕೈಕೊಟ್ಟಿತು. ಟೈಮ್‌ಟೇಬಲ್‌ನಲ್ಲಿ ಖಾಲಿ ಕಂಡ ಪೀರಿಯಡ್‌ಗೆ ಯಾರಾದರೂ ರಜೆ ಹಾಕಿದ ದಿನ ಮೊದಲು ಬರುವುದು ಇವರ ಹೆಸರೇ. ತಮ್ಮದಲ್ಲದ ತರಗತಿಗೆ ಹೋಗಿ ಮಕ್ಕಳನ್ನು ಕೂರಿಸಿಕೊಂಡಿರುವುದು ಸ್ವಂತ ಪಾಠಕ್ಕಿಂತ ಸುಸ್ತಿನ ಕೆಲಸ. ಇನ್ನೊಂದು ಕಡೆ ಸಹೋದ್ಯೋಗಿಗಳ ಮುಖ ಬಿಗಿಯಾಯಿತು. “ನಮಗೂ ಮಕ್ಕಳಿದ್ದಾರೆ” ಎಂದು ಒಬ್ಬರು ಎಲ್ಲರ ಮುಂದೆಯೇ ಅಂದರು. ಆ ಮುಜುಗರಕ್ಕೆ ಟೀಚರ್ ವಾರ್ಷಿಕೋತ್ಸವದ ನಾಟಕದ ಜವಾಬ್ದಾರಿಯನ್ನು ತಾವೇ ಕೇಳಿ ತಗೊಂಡರು. ಎರಡು ಪೀರಿಯಡ್ ಕಡಿಮೆ ಮಾಡಿದ್ದರ ಫಲ, ಒಟ್ಟು ಕೆಲಸ ಜಾಸ್ತಿಯಾಯಿತು.

ಎರಡನೆಯದು ಟೀಚರ್ ತಾವೇ ಹಾಕಿಕೊಂಡ ನಿಯಮ: ಶಾಲೆಯ ಒಂದು ಕಾಗದವನ್ನೂ ಮನೆಗೆ ತರಲ್ಲ. ಕೇಳಲು ಚೆನ್ನಾಗಿದೆ. ಇಂಥ ಸಲಹೆ ಎಲ್ಲ ಕಡೆ ಸಿಗುತ್ತದೆ. ಆದರೆ ನೋಟ್‌ಬುಕ್‌ಗಳೇನೂ ಕಡಿಮೆಯಾಗಿರಲಿಲ್ಲ, ಇಡುವ ಜಾಗ ಬದಲಾಗಿತ್ತು ಅಷ್ಟೇ. ಶಾಲೆ ಬಿಟ್ಟ ಮೇಲೂ ಸ್ಟಾಫ್ ರೂಮಿನಲ್ಲಿ ಕೂತು ತಿದ್ದತೊಡಗಿದರು. ಡೇ ಕೇರ್ ಮುಚ್ಚುವ ಹೊತ್ತಿಗೆ ತಲುಪಲಾಗದೆ ಒಂದೆರಡು ಸಲ ಮಗ ಕೊನೆಯವನಾಗಿ ಬಾಗಿಲಲ್ಲಿ ನಿಂತಿದ್ದ. ಮನೆಯಲ್ಲಿ ಜಗಳವಾಯಿತು. ಮನೆಗೆ ಬಂದ ಮೇಲೂ ತಲೆ ಶಾಲೆಯಲ್ಲೇ ಇರುತ್ತಿತ್ತು. ಅರ್ಧಕ್ಕೆ ಬಿಟ್ಟ ಕೆಲಸ ಮುಂದಿನ ಕೆಲಸದ ಮೇಲಿನ ಗಮನವನ್ನೂ ತಿನ್ನುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದರು. ಬ್ಯಾಗನ್ನು ಶಾಲೆಯಲ್ಲೇ ಬಿಟ್ಟು ಬಂದರೂ ತಿದ್ದದೇ ಉಳಿದ ಪುಸ್ತಕಗಳ ಲೆಕ್ಕವನ್ನು ಬಿಟ್ಟು ಬರಲು ಆಗಲ್ಲ. ನಿಯಮ ಹೆಚ್ಚು ದಿನ ಉಳಿಯಲಿಲ್ಲ.

ಈ ನಡುವೆ ಸಮಯ ನಿರ್ವಹಣೆಯ ಕಾರ್ಯಾಗಾರಕ್ಕೂ ಕಳಿಸಿದ್ದರಂತೆ. ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಅದಕ್ಕೆ ಒಂದು ಶನಿವಾರ ಹೋಯಿತು.

ಬರೆದಿಟ್ಟ ಒಂದು ವಾರ

ಪರೀಕ್ಷೆ, ಕಾರ್ಯಕ್ರಮ ಯಾವುದೂ ಇಲ್ಲದ ಒಂದು ಸಾದಾ ವಾರ ಆರಿಸಿಕೊಂಡು, ಸಮಯ ಎಲ್ಲೆಲ್ಲಿ ಹೋಗುತ್ತದೆ ಎಂದು ಬರೆದಿಡಲು ಕೇಳಿದೆ. ಟೀಚರ್ ಒಬ್ಬರೇ ಅಲ್ಲ, ಮೇಷ್ಟ್ರೂ ಬರೆಯಬೇಕು, ಒಬ್ಬರದ್ದನ್ನು ಇನ್ನೊಬ್ಬರು ನೋಡಬಾರದು. ಮೇಷ್ಟ್ರಿಗೆ ಅಷ್ಟೇನೂ ಇಷ್ಟವಿರಲಿಲ್ಲ. “ತೊಂದರೆ ಇರೋದು ಅವಳ ಶಾಲೇಲಿ, ನಾನ್ಯಾಕೆ ಬರೀಬೇಕು?” ಎಂದರು. ಆದರೂ ಬರೆದರು. ಗಣಿತದವರು, ಅಚ್ಚುಕಟ್ಟಾಗಿಯೇ ಬರೆದರು.

ಟೀಚರ್ ಹಾಳೆಯಲ್ಲಿ ಪಾಠ ಮಾಡುವ ಸಮಯ ಒಟ್ಟು ಶಾಲಾ ಕೆಲಸದ ಅರ್ಧದಷ್ಟೂ ಇರಲಿಲ್ಲ. ಇದು ಇವರೊಬ್ಬರ ಕಥೆ ಅಲ್ಲ. ಹಲವು ದೇಶಗಳ ಶಿಕ್ಷಕರನ್ನು ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2008ರಿಂದ ಟಾಲಿಸ್ ಎಂಬ ಸಮೀಕ್ಷೆಯಲ್ಲಿ ಕೇಳುತ್ತಾ ಬಂದಿದೆ. ಅಲ್ಲೂ ಸರಾಸರಿ ಪಾಠ ಮಾಡುವ ಹೊತ್ತು ಒಟ್ಟು ಕೆಲಸದ ಸುಮಾರು ಅರ್ಧ. ಉಳಿದದ್ದು ತಯಾರಿ, ತಿದ್ದುವುದು, ದಾಖಲೆ, ಸಭೆ, ಪೋಷಕರು. ಟೀಚರ್ ವಿಷಯದಲ್ಲಿ ತಿದ್ದುವುದೇ ದೊಡ್ಡ ಪಾಲು. ವಾರಕ್ಕೆ 160 ನೋಟ್‌ಬುಕ್, ಒಂದಕ್ಕೆ ನಾಲ್ಕು ನಿಮಿಷ ಅಂದರೂ 10 ಗಂಟೆ ದಾಟುತ್ತದೆ. ಈ 10 ಗಂಟೆಗೆ ಟೈಮ್‌ಟೇಬಲ್‌ನಲ್ಲಿ ಜಾಗವೇ ಇಲ್ಲ. ಜಾಗ ಇಲ್ಲದ ಕೆಲಸ ಎಲ್ಲಿಗೆ ಹೋಗಬೇಕು? ರಾತ್ರಿಗೆ ಹೋಗುತ್ತಿತ್ತು.

ಮನೆಯ ಭಾಗ ಓದುವಾಗ ನಾನು ಬೇರೆ ಏನನ್ನೋ ನಿರೀಕ್ಷಿಸಿದ್ದೆ. ಮೇಷ್ಟ್ರು ಕೈಕಟ್ಟಿ ಕೂರುವವರಲ್ಲ. ಮಗನ ಸ್ನಾನ, ಸಾಮಾನು ತರುವುದು, ಬೆಳಗ್ಗೆ ಡೇ ಕೇರ್‌ಗೆ ಬಿಡುವುದು, ಎಲ್ಲ ಅವರದೇ. ಗಂಟೆ ಲೆಕ್ಕದಲ್ಲಿ ಇಬ್ಬರ ನಡುವೆ ಭಾರಿ ಅಂತರ ಇರಲಿಲ್ಲ. ಆಮೇಲೆ ಹಾಳೆಯಲ್ಲಿ ಇನ್ನೊಂದು ಕಾಲಂ ಸೇರಿಸಿ, ಪ್ರತಿ ಕೆಲಸದ ಮುಂದೆ ‘ಇದು ಮಾಡಬೇಕು ಅಂತ ನೆನಪಿಸಿಕೊಂಡವರು ಯಾರು?’ ಎಂದು ಬರೆಯಲು ಇಬ್ಬರಿಗೂ ಕೇಳಿದೆ. ಮಗನ ಲಸಿಕೆ, ಮಗಳಿಗೆ ಬಿಗಿಯಾದ ಶೂ, ಮುಗಿಯುತ್ತಾ ಬಂದ ಔಷಧಿ, ಡೇ ಕೇರ್ ಶುಲ್ಕ, ಸೋಮವಾರಕ್ಕೆ ಬೇಕಾದ ಬಣ್ಣದ ಕಾಗದ. ಮೇಷ್ಟ್ರ ಹಾಳೆಯಲ್ಲೂ ಆ ಕಾಲಂ ತುಂಬ ‘ಅವಳು’, ‘ಅವಳು’ ಎಂದೇ ಇತ್ತು. ಅವರೇ ಬರೆದದ್ದು. ಬರೆಯುತ್ತಾ ಬರೆಯುತ್ತಾ ಅವರ ಅಕ್ಷರ ಚಿಕ್ಕದಾಗಿತ್ತು.

ಮನೆಯ ಈ ತಲೆಯೊಳಗಿನ ಕೆಲಸವನ್ನು ಸಮಾಜಶಾಸ್ತ್ರಜ್ಞೆ ಆಲಿಸನ್ ಡಾಮಿಂಜರ್ 2019ರಲ್ಲಿ ನಾಲ್ಕು ತುಂಡು ಮಾಡಿ ನೋಡಿದರು. ಮುಂದೇನು ಬೇಕಾಗುತ್ತದೆ ಎಂದು ಊಹಿಸುವುದು, ದಾರಿ ಹುಡುಕುವುದು, ತೀರ್ಮಾನಿಸುವುದು, ಆಯಿತಾ ಎಂದು ನೋಡುತ್ತಾ ಇರುವುದು. ಅವರು ಮಾತಾಡಿಸಿದ ಜೋಡಿಗಳಲ್ಲಿ ತೀರ್ಮಾನವನ್ನು ಗಂಡ ಹೆಂಡತಿ ಹೆಚ್ಚುಕಮ್ಮಿ ಒಟ್ಟಿಗೇ ಮಾಡುತ್ತಿದ್ದರು. ಊಹಿಸುವುದು ಮತ್ತು ಗಮನ ಇಡುವುದು ಮಾತ್ರ ಹೆಂಡತಿಯ ತಲೆಗೆ. ಇಲ್ಲೂ ಅದೇ. “ಹೇಳಿದ್ರೆ ಮಾಡ್ತೀನಲ್ಲ” ಎಂದು ಮೇಷ್ಟ್ರು ಅನ್ನುವುದು ನಿಜವೇ. ಹೇಳುವುದೂ ಒಂದು ಕೆಲಸ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಮತ್ತೊಂದು ಸಣ್ಣ ವಿಷಯವೂ ಹಾಳೆಯಲ್ಲಿತ್ತು. ಆ ವಾರ ಪಾಠದ ನಡುವೆ ಟೀಚರ್‌ಗೆ ಡೇ ಕೇರ್‌ನಿಂದ ಮೂರು ಸಲ ಫೋನ್ ಬಂದಿತ್ತು. ಮೇಷ್ಟ್ರಿಗೆ ಒಂದು ಸಲವೂ ಬಂದಿರಲಿಲ್ಲ. ಡೇ ಕೇರ್‌ನ ರಿಜಿಸ್ಟರ್‌ನಲ್ಲಿ ಮೊದಲ ನಂಬರ್ ಟೀಚರ್‌ದು. ಎರಡನೇ ನಂಬರ್‌ನ ಜಾಗ ಖಾಲಿ.

ತೀರ್ಮಾನಗಳು

ಮೊದಲು ಆ ನಂಬರ್ ಬದಲಾಯಿತು. ಮೊದಲ ನಂಬರ್ ಮೇಷ್ಟ್ರದ್ದು, ಎರಡನೆಯದು ಟೀಚರ್‌ದು. ಕೇಳಲು ಏನೂ ಅಲ್ಲ. ಆದರೆ ಮೇಷ್ಟ್ರ ಶಾಲೆಯಲ್ಲಿ ಪಾಠದ ಹೊತ್ತು ಫೋನ್ ಲಾಕರ್‌ನಲ್ಲಿಡಬೇಕು. ಅವರು ತಮ್ಮ ಮುಖ್ಯೋಪಾಧ್ಯಾಯರ ಬಳಿ ಅನುಮತಿ ಕೇಳಬೇಕಾಯಿತು. “ಯಾಕೆ ಮೇಷ್ಟ್ರೇ, ಮಗುವಿನ ತಾಯಿ ಊರಲ್ಲಿಲ್ವಾ?” ಎಂದು ಅವರು ಕೇಳಿದರಂತೆ. ಮೇಷ್ಟ್ರು ಇದನ್ನು ನಗುತ್ತಲೇ ಹೇಳಿದರು. ಟೀಚರ್ ನಗಲಿಲ್ಲ.

ಮನೆಯಲ್ಲಿ ಕೆಲಸ ಹಂಚಿಕೊಳ್ಳುವ ಪಟ್ಟಿ ಬೇಡ ಎಂದು ಅವರೇ ಮಾತಾಡಿಕೊಂಡರು. ಅದರ ಬದಲು ಇಡೀ ವಿಷಯಗಳನ್ನೇ ಬಿಟ್ಟುಕೊಟ್ಟರು. ಚಿಕ್ಕವನ ಡೇ ಕೇರ್‌ಗೆ ಸಂಬಂಧಿಸಿದ್ದೆಲ್ಲ ಮೇಷ್ಟ್ರದ್ದು. ಶುಲ್ಕ, ಬಟ್ಟೆ, ಕಾಯಿಲೆ, ಅಲ್ಲಿನವರ ಜೊತೆ ಮಾತು, ಎಲ್ಲವನ್ನೂ ನೆನಪಿಡುವುದೂ ಸೇರಿ. ಮೊದಮೊದಲು ಎಡವಟ್ಟುಗಳಾದವು. ಒಂದು ದಿನ ಬದಲಿ ಬಟ್ಟೆ ಇಲ್ಲದೆ ಮಗ ಬೇರೆ ಮಗುವಿನ ಅಂಗಿಯಲ್ಲಿ ಮನೆಗೆ ಬಂದ. ಟೀಚರ್‌ಗೆ ಬೆಳಗ್ಗೆಯೇ ಗೊತ್ತಿತ್ತು, ಬ್ಯಾಗ್ ಖಾಲಿ ಅಂತ. ಬಾಯಿ ತುದಿಗೆ ಬಂದ ಮಾತನ್ನು ನುಂಗಿಕೊಂಡರಂತೆ. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತ್ಯಂತ ಕಷ್ಟದ ಕೆಲಸ ಇದೇ. ಅಂದು ನೆನಪಿಸಿದ್ದರೆ ಆ ವಿಷಯ ಮತ್ತೆ ಅವರ ತಲೆಗೇ ವಾಪಸ್ ಬರುತ್ತಿತ್ತು.

ನೋಟ್‌ಬುಕ್ ವಿಷಯ ಇದಕ್ಕಿಂತ ಗಟ್ಟಿ. ಪ್ರತಿ ಸಾಲಿಗೂ ಕೆಂಪು ಶಾಯಿ ತಾಗಬೇಕು, ಅದೇ ಒಳ್ಳೇ ಶಿಕ್ಷಕಿಯ ಗುರುತು ಎಂದು ಟೀಚರ್ ನಂಬಿದ್ದರು. ಅವರ ಹೆಸರು ಬಂದಿದ್ದೂ ಅದರಿಂದಲೇ. ಬಿಡಿ ಎಂದು ನಾನು ಹೇಳಲಿಲ್ಲ. ತರಗತಿಯಲ್ಲೇ ಕೇಳೋಣ ಎಂದೆ. “ನೋಟ್‌ಬುಕ್ ವಾಪಸ್ ಬಂದಾಗ ಮೊದಲು ಏನ್ ಮಾಡ್ತೀರಿ?” ಮಾರ್ಕ್ಸ್ ನೋಡ್ತೀವಿ ಎಂದು ಬಹಳ ಮಂದಿ. ಆಮೇಲೆ? ಪಕ್ಕದವರ ಮಾರ್ಕ್ಸ್ ನೋಡ್ತೀವಿ. ಅದಾದ ಮೇಲೆ? ಬ್ಯಾಗಿಗೆ ಹಾಕ್ತೀವಿ. ಟೀಚರ್ ಮಧ್ಯರಾತ್ರಿ ಕೂತು ಬರೆದ ಸಾಲುಗಳ ಬಗ್ಗೆ ಒಬ್ಬಿಬ್ಬರು ಮಾತ್ರ ಹೇಳಿದರು.

ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಕೆಲಸಕ್ಕೆ ಬಂತು. ಬರೀ ಟಿಪ್ಪಣಿ ಸಿಕ್ಕ ಮಕ್ಕಳ ಆಸಕ್ತಿ, ಕೆಲಸ ಎರಡೂ ಚೆನ್ನಾಗಿದ್ದವು. ಟಿಪ್ಪಣಿಯ ಜೊತೆ ಅಂಕವನ್ನೂ ಕೊಟ್ಟಾಗ ಆ ಲಾಭ ಸಿಗಲಿಲ್ಲ. ಅಂದರೆ ಟೀಚರ್ ಎರಡೂ ಬರೆದು, ಒಂದರಿಂದ ಇನ್ನೊಂದನ್ನು ಅಳಿಸುತ್ತಿದ್ದರು.

ಹೊಸ ಕ್ರಮ ಹೀಗಾಯಿತು. ಅಭ್ಯಾಸದ ಬರಹಕ್ಕೆ ಅಂಕ ಇಲ್ಲ. ಪ್ರತಿ ಸೆಕ್ಷನ್‌ನಿಂದ ವಾರಕ್ಕೆ 10 ನೋಟ್‌ಬುಕ್ ಮಾತ್ರ ಸಾವಕಾಶವಾಗಿ ಓದಿ ಬರೆಯುವುದು. ನಾಲ್ಕು ವಾರದಲ್ಲಿ ಎಲ್ಲರ ಸರದಿ ಬರುತ್ತದೆ. ಉಳಿದವುಗಳ ಮೇಲೆ ಬೇಗ ಕಣ್ಣಾಡಿಸಿ, ಹೆಚ್ಚು ಮಕ್ಕಳು ಮಾಡಿದ ತಪ್ಪುಗಳನ್ನು ಒಂದೇ ಹಾಳೆಯಲ್ಲಿ ಗುರುತು ಮಾಡಿಕೊಳ್ಳುವುದು. ಮುಂದಿನ ಪೀರಿಯಡ್‌ನಲ್ಲಿ ಹದಿನೈದು ನಿಮಿಷ ಅದರ ಮೇಲೆ ಚರ್ಚೆ, ಮಕ್ಕಳೇ ತಮ್ಮ ಬರಹ ತಿದ್ದಿಕೊಳ್ಳುವುದು. ತಿದ್ದುವ ಹೊತ್ತು ಅರ್ಧಕ್ಕೆ ಇಳಿಯಿತು.

ಮುಖ್ಯ ಶಿಕ್ಷಕಿ ಒಪ್ಪಲು ಹಿಂದೇಟು ಹಾಕಿದರು. ಪೋಷಕರು ಪುಸ್ತಕ ತೆರೆದಾಗ ಕೆಂಪು ಗುರುತು ಕಾಣದಿದ್ದರೆ ಶಿಕ್ಷಕರು ನೋಡಿಯೇ ಇಲ್ಲ ಅಂದುಕೊಳ್ಳುತ್ತಾರೆ. ತಪಾಸಣೆಗೆ ಬಂದವರೂ ಅದನ್ನೇ ಹುಡುಕುತ್ತಾರೆ. ಭಯ ಸುಳ್ಳಲ್ಲ. ಇಂಗ್ಲೆಂಡಿನಲ್ಲಿ ಸರ್ಕಾರವೇ ನೇಮಿಸಿದ್ದ ಒಂದು ತಂಡ 2016ರಲ್ಲಿ ಈ ವಿಷಯವನ್ನೇ ಪರಿಶೀಲಿಸಿತ್ತು. ತಿದ್ದುವುದಕ್ಕೆ ಅರ್ಥ ಇರಬೇಕು, ಅದು ಕೈಗೆ ನಿಲುಕುವಷ್ಟಿರಬೇಕು, ಮಕ್ಕಳಿಗೆ ಹುರುಪು ಕೊಡಬೇಕು ಎಂದಿತ್ತು. ಅದನ್ನೂ ಅವರ ಮುಂದಿಟ್ಟೆ. ಅವರನ್ನು ಒಪ್ಪಿಸಿದ್ದು ಮಾತ್ರ ಮಕ್ಕಳ ಉತ್ತರವೇ ಎಂದು ನನ್ನ ಅನಿಸಿಕೆ.

ಒಪ್ಪಿದ ಮೇಲೆ ಅವರು ತಗೊಂಡ ತೀರ್ಮಾನ ಪ್ರಕರಣದ ದಿಕ್ಕನ್ನೇ ಬದಲಿಸಿತು. ಇದನ್ನು ಟೀಚರ್‌ಗೆ ಕೊಟ್ಟ ರಿಯಾಯಿತಿ ಮಾಡಲಿಲ್ಲ. ಭಾಷಾ ವಿಭಾಗದ ಎಲ್ಲರಿಗೂ ಇದೇ ಕ್ರಮ ಎಂದರು. ಪೋಷಕರ ಸಭೆಯಲ್ಲಿ ತಾವೇ ನಿಂತು ವಿವರಿಸಿದರು. ಎರಡು ಪೀರಿಯಡ್ ಕಡಿಮೆ ಮಾಡಿದಾಗ ಮುಖ ಬಿಗಿದುಕೊಂಡವರೇ ಈಗ ತಪ್ಪುಗಳ ಹಾಳೆಯನ್ನು ಟೀಚರ್ ಜೊತೆ ಹಂಚಿಕೊಳ್ಳತೊಡಗಿದರು. “ನಮಗೂ ಮಕ್ಕಳಿದ್ದಾರೆ” ಎಂದವರೂ ಅವರಲ್ಲಿ ಇದ್ದರು.

ಏನಾಯಿತು

ಆ ಟರ್ಮ್ ಮುಗಿಯುವ ಹೊತ್ತಿಗೆ ನೋಟ್‌ಬುಕ್‌ಗಳು ವಾರದೊಳಗೆ ಮಕ್ಕಳ ಕೈ ಸೇರುತ್ತಿದ್ದವು. ಪಾಠ ಯೋಜನೆಯಲ್ಲಿ ಹೊಸ ಸಾಲುಗಳು ಬಂದವು. ಕೊನೆಯ ಪೀರಿಯಡ್‌ಗೆ ಮತ್ತೆ ಹೋಗಿ ಕೂತೆ. ಬೆಳಗಿನಷ್ಟು ಚುರುಕು ಇರಲಿಲ್ಲ. ಯಾರಿಗೆ ತಾನೇ ಇರುತ್ತದೆ? ಆದರೆ ಪ್ರಶ್ನೆ ಕೇಳಿ ಕಾಯುತ್ತಿದ್ದರು. ಕಿರುಪರೀಕ್ಷೆಯ ಫಲಿತಾಂಶವೂ ಸುಧಾರಿಸಿತು. ಅದರ ಕೀರ್ತಿಯನ್ನು ಪೂರ್ತಿ ಈ ಬದಲಾವಣೆಗೆ ಕೊಡಲಾರೆ. ಆ ಟರ್ಮ್‌ನ ಪಾಠಗಳೂ ಸ್ವಲ್ಪ ಸುಲಭದವೇ.

ಎಲ್ಲವೂ ಸರಿಹೋಗಲಿಲ್ಲ. ಪೋಷಕರ ವಾಟ್ಸಾಪ್ ಗುಂಪಿಗೆ ಸಂಜೆ ಏಳರ ನಂತರ ಉತ್ತರಿಸಲ್ಲ ಎಂದು ಟೀಚರ್ ಹೇಳಿದ್ದರು. ಪರೀಕ್ಷೆ ಬಂದ ಕೂಡಲೇ ಅದು ಮುರಿದುಬಿತ್ತು. ಪರೀಕ್ಷೆಯ ದಿನಗಳಲ್ಲಿ ರೇಗುವುದೂ ವಾಪಸ್ ಬಂತು.

ಮೇಷ್ಟ್ರ ಕಡೆ ಯಾರೂ ಎಣಿಸದಿದ್ದದ್ದು ನಡೆಯಿತು. ಶಾಲೆ ಬಿಟ್ಟ ಮೇಲೆ ಹಿಂದುಳಿದ ಮಕ್ಕಳಿಗೆ ಅವರು ಲೆಕ್ಕ ಹೇಳಿಕೊಡುತ್ತಿದ್ದರು. ಡೇ ಕೇರ್‌ಗೆ ಓಡಬೇಕಾದ್ದರಿಂದ ಅದು ವಾರಕ್ಕೆ ಎರಡೇ ದಿನಕ್ಕೆ ಇಳಿಯಿತು. ಒಮ್ಮೆ ಉತ್ತರ ಪತ್ರಿಕೆ ಕೊಡುವುದೂ ತಡವಾಯಿತು. “ಏನು, ಇತ್ತೀಚೆಗೆ ಮೊದಲಿನ ಹಾಗಿಲ್ಲ?” ಎಂದು ಅವರ ಮುಖ್ಯೋಪಾಧ್ಯಾಯರು ಕೇಳಿದರಂತೆ. ಹೆಂಡತಿಯ ಬಗ್ಗೆ ಕೇಳಿದ್ದ ಮಾತು ತನ್ನ ಕಡೆಗೇ ಬಂದಾಗ ಅವರಿಗೆ ಮೊದಲು ಸಿಟ್ಟು ಬಂತು. ಆಮೇಲೆ ಟೀಚರ್ ಬಳಿ ಕೂತು ತಪ್ಪುಗಳ ಹಾಳೆ ಮಾಡುವುದು ಹೇಗೆ ಎಂದು ಕೇಳಿ ತಿಳಿದುಕೊಂಡರು. ಗಣಿತಕ್ಕೆ ಅದು ಇನ್ನೂ ಚೆನ್ನಾಗಿ ಹೊಂದುತ್ತದೆ ಎಂಬುದು ಅವರ ವಾದ.

ಇದರಿಂದ ಏನು ತಗೊಳ್ಳಬಹುದು

ಅತಿಯಾದ ಕೆಲಸದ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಿವರಿಸುವಾಗ ಅದನ್ನು ಕಾಯಿಲೆ ಎನ್ನಲಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಿಟ್ಟಾಗ ಬರುವಂಥದ್ದು ಎಂದಿತು. ಇವರಿಗೆ ಆಗಿದ್ದು ಅದೇ ಎಂದು ನಾನು ಹೇಳುತ್ತಿಲ್ಲ, ಅದನ್ನು ಹೇಳಬೇಕಾದವರು ಬೇರೆ. ಆದರೆ ‘ಮನೆ ಕಡೆ ಏನೋ ಇರಬೇಕು’ ಎಂದು ಶುರುಮಾಡಿದರೆ ಶಾಲೆ ತನ್ನ ಟೈಮ್‌ಟೇಬಲ್ ಕಡೆ ನೋಡುವುದೇ ಇಲ್ಲ. ಮನೆಯಲ್ಲಿ ಏನೂ ಇಲ್ಲ ಅಂತಲ್ಲ, ಇತ್ತು. ಎರಡೂ ಕಡೆಯ ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗಲೇ ಅದು ಏನು ಅಂತ ಕಂಡಿದ್ದು. ಕೆಲಸದಲ್ಲಿ ಮುಗಿಯದ 10 ಗಂಟೆ, ಮನೆಯಲ್ಲಿ ಎಣಿಕೆಗೆ ಸಿಗದ ನೆನಪಿನ ಹೊರೆ, ಇವೆರಡೂ ಒಬ್ಬರ ಮೇಲೇ ಬಿದ್ದಿದ್ದವು. ಬರೀ ನೋಟ್‌ಬುಕ್ ಕ್ರಮ ಬದಲಿಸಿದ್ದರೆ ಉಳಿತಾಯವಾದ ಐದು ಗಂಟೆಯನ್ನು ಮನೆ ನುಂಗುತ್ತಿತ್ತು. ಬರೀ ಮನೆ ಬದಲಿಸಿದ್ದರೆ ನೋಟ್‌ಬುಕ್ ನುಂಗುತ್ತಿತ್ತು.

ಒಬ್ಬರಿಗೆ ಕೊಡುವ ರಿಯಾಯಿತಿ ಮತ್ತು ಎಲ್ಲರಿಗೂ ಅನ್ವಯಿಸುವ ಕ್ರಮ, ಇವೆರಡರ ಫಲ ಎಷ್ಟು ಬೇರೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ನೋಡಿಲ್ಲ. ರಿಯಾಯಿತಿ ಪಡೆದವರು ಅದರ ಸಾಲ ತೀರಿಸಲು ಹೊರಡುತ್ತಾರೆ. ಆ ನಾಟಕದ ಜವಾಬ್ದಾರಿ ನೆನಪಿರಲಿ.

ಇನ್ನೊಂದು ಮಾತು. ಇಲ್ಲಿ ಎರಡು ಸಂಬಳ ಇತ್ತು, ಇಬ್ಬರದ್ದೂ ಕಾಯಂ ಕೆಲಸ, ಮಕ್ಕಳು ಆರೋಗ್ಯವಾಗಿದ್ದರು, ಮುಖ್ಯ ಶಿಕ್ಷಕಿ ಕಿವಿಗೊಡುವವರು. ಗಂಡ ದೂರದ ಊರಿನಲ್ಲಿ ಕೆಲಸ ಮಾಡುವ ಶಿಕ್ಷಕಿಗೆ, ಹಾಸಿಗೆ ಹಿಡಿದ ಹಿರಿಯರಿರುವ ಮನೆಗೆ ಫೋನ್ ನಂಬರ್ ಬದಲಿಸಿ ಎಂಬ ಸಲಹೆ ಉಪಯೋಗಕ್ಕೆ ಬರಲ್ಲ. ಒಂದು ವಾರ ಬರೆದಿಡುವುದು ಮತ್ತು ‘ನೆನಪಿಸಿಕೊಂಡವರು ಯಾರು’ ಎಂಬ ಕಾಲಂ ಬಹುಶಃ ಅಲ್ಲೂ ಬರುತ್ತದೆ.

ವರ್ಷದ ಕೊನೆಗೆ ಮುಖ್ಯ ಶಿಕ್ಷಕಿ ಟೀಚರ್‌ಗೆ ವಿಭಾಗದ ಮುಖ್ಯಸ್ಥೆಯ ಹುದ್ದೆ ಕೊಡಲು ಬಂದರು. ಟೀಚರ್ ಬೇಡ ಎಂದರು. “ಚಿಕ್ಕವನು ಶಾಲೆಗೆ ಸೇರಿ ಒಂದು ವರ್ಷ ಆಗ್ಲಿ ಮೇಡಂ, ಆಮೇಲೆ ಕೇಳಿ.” ಮುಖ್ಯ ಶಿಕ್ಷಕಿಗೆ ಬೇಸರವಾಯಿತು, ಇಷ್ಟೆಲ್ಲ ಮಾಡಿದ ಮೇಲೂ ಹೀಗಾ ಎಂದು. ಇದು ಹಿನ್ನಡೆಯೋ, ಇಡೀ ವರ್ಷದಲ್ಲಿ ಟೀಚರ್ ತಗೊಂಡ ಅತ್ಯಂತ ಲೆಕ್ಕಾಚಾರದ ತೀರ್ಮಾನವೋ ಎಂಬುದರಲ್ಲಿ ನಮ್ಮಿಬ್ಬರಿಗೆ ಇನ್ನೂ ಒಮ್ಮತವಿಲ್ಲ. ನಾನು ಎರಡನೆಯದರ ಕಡೆ. ಆ ಹುದ್ದೆಗೆ ಬೇಕಾದ ಗಂಟೆಗಳಿಗೂ ಟೈಮ್‌ಟೇಬಲ್‌ನಲ್ಲಿ ಜಾಗ ಇಟ್ಟಿರಲಿಲ್ಲ.